ಹಿತ್ತಲ ಕೋಳಿಯೂ ಅದರ ಕಾವಲೂ

ಇಂದು ನಾನು ಹೇಳಹೊರಟಿರುವುದು ಹಿತ್ತಲ ಕೋಳಿಯ ಕಾವಲಿನ ಇತಿಹಾಸ. "ಕೋಳಿ ಕಾಯೂದಕ್ಕೂ ಒಂದು ಇತಿಹಾಸ ಐತೇನ್ರೀ?" ಎಂದು ನೀವು ನಗಬಹುದು. ಇದೆ. ಆ ಇತಿಹಾಸದಲ್ಲಿ ಜನರು ಕೆಲವು ಪಾಠಗಳನ್ನು ಬಹಳ ಬೆಲೆ ತೆತ್ತು ಕಲಿತಿದ್ದಾರೆ. ಅದೇ ಬೆಲೆಯನ್ನು ನಾವು ಮತ್ತೊಮ್ಮೆ ತೆರುವುದು ಬೇಡ ಎಂಬುದೇ ಈ ಮಾತಿನ ಉದ್ದೇಶ.

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಗೆ ಹೋದಾಗ ತಾಯಂದಿರು ಹೇಳುವ ಮಾತು ಒಂದೇ: "ನಿನ್ನಿ ರಾತ್ರಿ ಏನೋ ಬಂದು ಕೋಳಿ ಒಯ್ತ್ರೀ, ಸಾಹೇಬ್ರ." ಕೇಳಿದವರಿಗೆ ಇದು ಸಣ್ಣ ಸುದ್ದಿ, ಕಳೆದುಕೊಂಡವರಿಗೆ ಸಣ್ಣದಲ್ಲ. ಜೋಳ ಮಾರಿದ ರೊಕ್ಕ ಯಜಮಾನನ ಕೈಗೆ ಹೋಗುತ್ತದೆ, ಸೊಸಾಯಟಿಯ ಸಾಲಕ್ಕೆ ಹೋಗುತ್ತದೆ. ತತ್ತಿ ಮಾರಿದ ರೊಕ್ಕ ಮಾತ್ರ ಮನೆಯಾಕೆಯ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಮಗಳ ಪಾಟಿ-ಪುಸ್ತಕ, ಕೂಸಿನ ಔಷಧ, ಸಂತೆಯ ಉಪ್ಪು-ಎಣ್ಣೆ ಇವಕ್ಕೆಲ್ಲ ಆಕೆ ಯಾರ ಮುಂದೂ ಕೈಚಾಚಬೇಕಾಗುವುದಿಲ್ಲ. ಒಂದು ಹೇಂಟೆ ಹತ್ತು ಹನ್ನೆರಡು ತತ್ತಿಯ ಮೇಲೆ ೨೧ ದಿವಸ ಕಾವು ಕುಳಿತು, ಮರಿ ಎಬ್ಬಿಸಿ, ತಿಂಗಳೆರಡು ತಿಂಗಳು ರೆಕ್ಕೆಯೊಳಗೆ ಇಟ್ಟುಕೊಂಡು ಬೆಳೆಸುತ್ತದೆ. ಆ ಮೂರು ತಿಂಗಳ ದುಡಿಮೆಯನ್ನು ತೆರೆದ ಕದವೊಂದು ಒಂದೇ ರಾತ್ರಿಯಲ್ಲಿ ತಿಂದು ಹಾಕುತ್ತದೆ.

ಮೊದಲು ಕೋಳಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಅದು ನಮ್ಮ ದೇಶದ ಉತ್ತರ ಮತ್ತು ಪೂರ್ವದ ಕಾಡುಗಳಿಂದ ಹಿಡಿದು ಬರ್ಮಾ, ಥಾಯ್ಲೆಂಡ್ ಕಡೆಯ ಕಾಡುಗಳವರೆಗೂ ಇರುವ ಹಕ್ಕಿ. ೨೦೨೨ರಲ್ಲಿ ವಿದ್ವಾಂಸರು ೮೯ ದೇಶಗಳ ಆರುನೂರಕ್ಕೂ ಹೆಚ್ಚು ಹಳೆಯ ನೆಲೆಗಳಲ್ಲಿ ಸಿಕ್ಕ ಕೋಳಿಯ ಎಲುಬುಗಳನ್ನು ಮತ್ತೆ ಪರೀಕ್ಷಿಸಿ ಹೇಳಿದ ಸಂಗತಿ ಇದು: ನಿಸ್ಸಂದೇಹವಾಗಿ ಸಾಕಿದ ಕೋಳಿಯೆನ್ನಬಹುದಾದ ಅತಿ ಹಳೆಯ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತಿವೆ, ಅವು ಕ್ರಿ.ಪೂ. ೧೬೫೦ರಿಂದ ೧೨೫೦ರ ನಡುವಿನವು. ಕೋಳಿ ಮನುಷ್ಯನ ಬಳಿಗೆ ಬಂದುದಕ್ಕೆ ಅವರು ಕೊಡುವ ಕಾರಣವೂ ರೈತನಿಗೆ ತಿಳಿಯುವಂತಹದೇ. ಜನರು ಮಳೆ ನಂಬಿ ನೆಲ್ಲು, ನವಣೆಯಂತಹ ಕಾಳು ಬೆಳೆದು ಕೂಡಿಡತೊಡಗಿದರು; ಚೆಲ್ಲಿದ ಕಾಳಿಗೆ ಕಾಡುಕೋಳಿ ಮರದಿಂದ ಇಳಿದು ಬಂತು. ಅಂದರೆ ನಾವು ಕೋಳಿಯನ್ನು ಹಿಡಿದು ತಂದುದಕ್ಕಿಂತ ಹೆಚ್ಚಾಗಿ, ಅದೇ ನಮ್ಮ ಕಣದ ಅಂಚಿಗೆ ಬಂದು ಸೇರಿಕೊಂಡಿತು.

ನಮ್ಮ ದಕ್ಷಿಣ ದೇಶಕ್ಕೂ ಈ ವಂಶದಲ್ಲಿ ಪಾಲಿದೆ. ಸಹ್ಯಾದ್ರಿಯ ಕಾಡುಗಳಲ್ಲಿ ಬೂದು ಕಾಡುಕೋಳಿ ಇದೆಯಷ್ಟೆ. ಸಾಕಿದ ಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣವು ಈ ಬೂದು ಕಾಡುಕೋಳಿಯಿಂದ ಬಂದ ಗುಣವೆಂದು ೨೦೦೮ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಿಮ್ಮ ಅಂಗಳದ ಹಳದಿ ಕಾಲಿನ ಹುಂಜನ ಮೈಯಲ್ಲಿ ಭಾರತದ ಕಾಡಿನ ರಕ್ತವೂ ಒಂದಿಷ್ಟು ಹರಿದಿದೆ ಎಂದಾಯಿತು.

ಇದನ್ನೆಲ್ಲ ಹೇಳಿದ್ದು ಒಂದು ಕಾರಣಕ್ಕಾಗಿ. ಕಾಡುಕೋಳಿ ಹಗಲು ನೆಲದ ಮೇಲೆ ಕೆದರುತ್ತದೆ. ಹೊತ್ತು ಮುಳುಗುತ್ತಲೇ ಮರ ಏರುತ್ತದೆ. ಏಕೆಂದರೆ ಕತ್ತಲಲ್ಲಿ ಅದಕ್ಕೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಮೂರು ಸಾವಿರ ವರುಷ ನಮ್ಮ ಮನೆಯಲ್ಲಿ ಇದ್ದರೂ ಕೋಳಿಯ ಈ ಕಣ್ಣು ಬದಲಾಗಲಿಲ್ಲ. ಬದಲಾದದ್ದು ಮೈ: ಅದು ಭಾರವಾಯಿತು, ಹಾರುವ ಬಲ ಕಡಿಮೆಯಾಯಿತು. ರಾತ್ರಿ ಕಣ್ಣಿಲ್ಲ, ಏರಲು ಮರವಿಲ್ಲ. ಆದುದರಿಂದ ಆ ಮರದ ಕೆಲಸವನ್ನು ಮನುಷ್ಯನೇ ಮಾಡಬೇಕಾಯಿತು. ಗೂಡು ಎಂದರೆ ನಾವು ಕೋಳಿಗೆ ಕಟ್ಟಿಕೊಡುವ ಮರ, ಅಷ್ಟೇ.

ನಮ್ಮ ಹಿರಿಯರಿಗೆ ಈ ಮಾತು ಗೊತ್ತಿತ್ತು. ಮಣ್ಣಿನ ಮನೆಯ ಕಟ್ಟೆಯೊಳಗೇ ಪೊಟರೆ ಬಿಟ್ಟು, ಅದರ ಬಾಯಿಗೆ ಚಪ್ಪಡಿಕಲ್ಲು ಇಡುತ್ತಿದ್ದರು. ಅದಿಲ್ಲದವರು ದನದ ಕೊಟ್ಟಿಗೆಯ ಮೂಲೆಯಲ್ಲಿ ದೊಡ್ಡ ಬುಟ್ಟಿ ಡಬ್ಬ ಹಾಕಿ, ಮೇಲೊಂದು ಕಲ್ಲು ಹೇರುತ್ತಿದ್ದರು. ಸಂಜೆ ಕೋಳಿ ಎಣಿಸದೆ ದೀಪ ಹಚ್ಚದ ಮುದುಕಿಯರು ಇದ್ದರು. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕೋಳಿಯು ಒಂದು ಕುಟುಕು ಕಂಡರೂ ತನ್ನವರನ್ನು ಕೂಗಿ ಕರೆಯುವುದನ್ನು ವಚನವೊಂದರಲ್ಲಿ ಮನುಷ್ಯನಿಗೆ ಬುದ್ಧಿಯಾಗಿ ಹೇಳಿದರು. ೧೨ನೆಯ ಶತಮಾನದಲ್ಲಿಯೂ ಕೋಳಿ ಎಲ್ಲರ ಕಣ್ಣಮುಂದೆ, ಅಂಗಳದಲ್ಲಿಯೇ ಓಡಾಡುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಕಾವಲಿಗೆ ನಾಯಿಯೂ ಇತ್ತು. ನಂಬಿಕೆಯ ನಾಯಿಗೆ ಕನ್ನಡ ನಾಡು ಎಂತಹ ಗೌರವ ಕೊಟ್ಟಿತ್ತೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಸಾಕ್ಷಿ. ಕ್ರಿ.ಶ. ೯೪೯-೫೦ರ ಆ ಕಲ್ಲಿನಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ 'ಕಾಳಿ' ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿ ಕೆತ್ತಿದೆ. ವೀರನಿಗೆ ನಿಲ್ಲಿಸುವ ಕಲ್ಲನ್ನು ನಾಯಿಗೆ ನಿಲ್ಲಿಸಿದರು! ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಒಂದು ಎಚ್ಚರ: ಮರಿಯಿದ್ದಾಗಿನಿಂದ ಕೋಳಿಗಳ ಜೊತೆಗೆ ಬೆಳೆದ ನಾಯಿ ಕಾವಲಿಗೆ ಬರುತ್ತದೆ, ಬೆಳೆದ ಮೇಲೆ ತಂದು ಕಟ್ಟಿದ ಬೇಟೆನಾಯಿ ತಾನೇ ಕೋಳಿ ಹಿಡಿದೀತು.

ಇನ್ನು ತಂತಿಯ ಬಲೆಯ ಕಥೆ. ವಿಜಯಪುರದ ಗೋಳಗುಮ್ಮಟ ಪೂರ್ಣವಾದದ್ದು ೧೬೫೬ರಲ್ಲಿ. ಅಷ್ಟು ದೊಡ್ಡ ಗುಮ್ಮಟ ಕಟ್ಟಿದ ಕಾಲದಲ್ಲಿಯೂ ಕೋಳಿಗೂಡಿಗೆ ಬುಟ್ಟಿ, ಕಲ್ಲು, ಮಣ್ಣುಗಳೇ ಗತಿಯಾಗಿದ್ದವು. ೧೮೪೪ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಚಾರ್ಲ್ಸ್ ಬರ್ನಾರ್ಡ್ ಎಂಬ ಕಬ್ಬಿಣದ ವ್ಯಾಪಾರಿ, ಬಟ್ಟೆ ನೇಯುವ ಮಗ್ಗವನ್ನು ನೋಡಿಕೊಂಡು, ತಂತಿಯನ್ನೂ ಹಾಗೆಯೇ ನೇಯುವ ಯಂತ್ರ ಮಾಡಿದ. ಆರು ಮೂಲೆಯ ಕಣ್ಣಿನ 'ಕೋಳಿ ಜಾಳಿಗೆ' ಹುಟ್ಟಿದ್ದು ಹೀಗೆ. ನಮ್ಮ ಕಡೆ ೧೮೮೪ರ ಸುಮಾರಿಗೆ ಹೋಟಗಿ-ಗದಗ ರೈಲುದಾರಿ ಬಂತು. ದೂರದ ತಗಡು, ತಂತಿ, ಮೊಳೆಗಳು ಗಾಡಿಯಿಂದ ಇಳಿದು ಊರು ಸೇರುವುದು ಸುಲಭವಾಯಿತು. ಇಂದು ವಿಜಯಪುರದ ಸ್ಟೇಷನ್ ರಸ್ತೆಗೆ ಬಂದ ರೈತ ತನ್ನ ಕೆಲಸ ಮುಗಿಸಿ ಊರಿಗೆ ಮರಳುವಾಗ ಜಾಳಿಗೆಯ ಸುರುಳಿಯೊಂದನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಬಹುದು. ಬುಟ್ಟಿಗಿಂತ ಇದು ಒಳ್ಳೆಯದೇ. ಆದರೆ ಬಲೆ ತಂದೊಡನೆ ಕಾವಲು ಆಯಿತೆಂದು ತಿಳಿಯಬಾರದು. ದೊಡ್ಡ ಕಣ್ಣಿನ ಜಾಳಿಗೆ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ವೈರಿಯನ್ನು ಹೊರಗೆ ಇಡುವುದಿಲ್ಲ.

ವೈರಿಗಳ ಮಾತಿಗೆ ಬರೋಣ. ಅಮೇರಿಕೆಯಲ್ಲಿ ಕೋಳಿ ಸಾಕುವವರಿಗೆ ರಕೂನ್ ಎಂಬ ಪ್ರಾಣಿಯ ಕಾಟ. ಮುಖಕ್ಕೆ ಕಪ್ಪು ಪಟ್ಟಿ, ಬಾಲಕ್ಕೆ ಬಳೆಬಳೆ, ಮುಂಗಾಲು ನಮ್ಮ ಕೈಯಂತೆ. ಆ ಕೈಯಿಂದ ಅದು ಗೂಡಿನ ಚಿಲಕ ತೆಗೆಯುತ್ತದೆ! ೧೯೩೪ರಲ್ಲಿ ಜರ್ಮನಿಯ ಏಡರ್‌ಸೇ ಎಂಬ ಸರೋವರದ ಬಳಿ ಎರಡು ಜೋಡಿ ರಕೂನುಗಳನ್ನು ಬಿಟ್ಟರು; ಈಗ ಆ ದೇಶದ ತುಂಬ ಅವು ಹಬ್ಬಿವೆ. ಜಪಾನಿನಲ್ಲಿ ೧೯೭೭ರಲ್ಲಿ ಟೆಲಿವಿಷನ್ನಿನಲ್ಲಿ ರಕೂನಿನ ಮುದ್ದಾದ ಕಥೆ ತೋರಿಸಿದ್ದರಿಂದ ಜನರು ಅದನ್ನು ತರಿಸಿ ಸಾಕಿದರು. ಬೆಳೆದು ಕಚ್ಚತೊಡಗಿದ ಮೇಲೆ ಕಾಡಿಗೆ ಬಿಟ್ಟರು. ಅಲ್ಲಿಯೂ ಅದು ರೈತನಿಗೆ ಪೀಡೆಯಾಯಿತು. ನಮ್ಮ ನಾಡಿನ ಕಾಡಿನಲ್ಲಿ ರಕೂನ್ ಇಲ್ಲ. ಅದರ ಕಸುಬನ್ನು ಇಲ್ಲಿ ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು, ನರಿ, ಹೆಗ್ಗಣಗಳು ಹಂಚಿಕೊಂಡು ಮಾಡುತ್ತವೆ.

"ಹಂಗಾದ್ರ ಈ ಮುಂಗಲಿನೆಲ್ಲ ಕೊಂದಹಾಕಿದ್ರ ಆತಲ್ರೀ" ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಮುಂಗುಸಿಯದೇ ಒಂದು ಕಥೆ ಕೇಳಿರಿ. ಜಮೈಕಾ ಎಂಬ ದ್ವೀಪದಲ್ಲಿ ಕಬ್ಬಿನ ತೋಟಗಳಿಗೆ ಇಲಿಯ ಕಾಟ ಹೆಚ್ಚಾಗಿತ್ತು. ೧೮೭೨ರಲ್ಲಿ ಎಸ್ಪ್ಯೂಟ್ ಎಂಬ ತೋಟಗಾರ ಕಲಕತ್ತೆಯಿಂದ ನಾಲ್ಕು ಗಂಡು, ಐದು ಹೆಣ್ಣು, ಒಟ್ಟು ಒಂಬತ್ತು ಮುಂಗುಸಿಗಳನ್ನು ತರಿಸಿ ಬಿಟ್ಟ. ಮೊದಮೊದಲು ಇಲಿ ಕಡಿಮೆಯಾಯಿತು, ಎಲ್ಲರೂ ಹೊಗಳಿದರು. ೧೮೮೩ರಲ್ಲಿ ಜಮೈಕಾದಿಂದ ಹವಾಯಿ ದ್ವೀಪಗಳಿಗೂ ಒಯ್ದರು. ಆದರೆ ಮುಂಗುಸಿಗೆ ಇಲಿಯೇ ಬೇಕೆಂಬ ವ್ರತವೇನಿದೆ? ಕೋಳಿ, ತತ್ತಿ, ನೆಲದಲ್ಲಿ ಗೂಡು ಮಾಡುವ ಹಕ್ಕಿ, ಹಲ್ಲಿ, ಹಾವು ಎಲ್ಲವನ್ನೂ ತಿಂದಿತು. ೧೮೯೦ರ ಹೊತ್ತಿಗೆ ಹೊಗಳಿದ ಜಮೈಕಾದವರೇ ಅದನ್ನು ಪೀಡೆಯೆಂದು ಕರೆದರು. ಜಪಾನಿನ ಅಮಾಮಿ ದ್ವೀಪದಲ್ಲಿ ೧೯೭೯ರಲ್ಲಿ ವಿಷದ ಹಾವು ಕೊಲ್ಲಲೆಂದು ಸುಮಾರು ೩೦ ಮುಂಗುಸಿ ಬಿಟ್ಟರು. ಹಾವು ತಿರುಗುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು. ಎರಡಕ್ಕೂ ಭೇಟಿಯೇ ಇಲ್ಲ! ಅದು ಅಲ್ಲಿಯ ಅಪರೂಪದ ಮೊಲಗಳನ್ನು ತಿನ್ನತೊಡಗಿತು. ಅದನ್ನು ಪೂರಾ ಹಿಡಿದು ಮುಗಿಸಿದೆವೆಂದು ಅಲ್ಲಿಯ ಸರಕಾರ ಸಾರಿದ್ದು ೨೦೨೪ರಲ್ಲಿ. ಬಿಡುವುದು ಒಂದು ದಿವಸದ ಕೆಲಸ, ತೆಗೆಯುವುದು ೪೫ ವರುಷದ ಕೆಲಸವಾಯಿತು.

ಈ ಕಥೆಯ ಪಾಠ ಎರಡು ಕಡೆ ಕೊಯ್ಯುವ ಕುಡುಗೋಲು. ಪ್ರಾಣಿಯನ್ನು ಅದರದಲ್ಲದ ನೆಲಕ್ಕೆ ತಂದು ಬಿಟ್ಟರೂ ಕೇಡು. ಅದರ ನೆಲದಿಂದ ಕಿತ್ತು ಹಾಕಿದರೂ ಕೇಡು. ನಮ್ಮ ಹೊಲದ ಮುಂಗುಸಿ ಇಲಿ ತಿನ್ನುತ್ತದೆ, ಹಾವು ಕೊಲ್ಲುತ್ತದೆ. ಅದಿಲ್ಲವಾದರೆ ಜೋಳದ ಚೀಲಕ್ಕೆ ಇಲಿ ಬೀಳುತ್ತದೆ, ಇಲಿಯ ಹಿಂದೆ ಹಾವು ಮನೆಯೊಳಗೆ ಬರುತ್ತದೆ. ಪಂಚತಂತ್ರದಲ್ಲಿ ಕೂಸನ್ನು ಹಾವಿನಿಂದ ಉಳಿಸಿದ ಮುಂಗುಸಿಯನ್ನು ಅವಸರದಲ್ಲಿ ಕೊಂದು ಅತ್ತ ತಾಯಿಯ ಕಥೆಯನ್ನು ಮಕ್ಕಳಿಗೆ ಹೇಳುತ್ತೇವಲ್ಲ, ಅದು ನಮಗೂ ಹೇಳಿದ ಕಥೆಯೇ.

ನಮ್ಮ ಜಿಲ್ಲೆಯ ನೆಲವೂ ಕಳೆದ ಅರವತ್ತು ವರುಷಗಳಲ್ಲಿ ಬದಲಾಗಿದೆ. ಆಲಮಟ್ಟಿ ಆಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಆಮೇಲೆ ಬರಗಾಲದ ಬಯಲಿಗೆ ಕಾಲುವೆಯ ನೀರು ಬಂತು. ಜೋಳದ ಜೊತೆಗೆ ಕಬ್ಬು, ದ್ರಾಕ್ಷಿ ಬಂದವು. ಇದು ಸಂತೋಷದ ಸಂಗತಿ. ಆದರೆ ಎತ್ತರದ ಕಬ್ಬಿನೊಳಗೆ ನರಿಗೂ ಕಾಡುಬೆಕ್ಕಿಗೂ ವರುಷದ ಬಹುಭಾಗ ಮರೆ ಸಿಕ್ಕಿತು. ಮೊದಲು ದೂರದ ಹಳ್ಳದ ಕಂಟಿಯಲ್ಲಿ ಇರುತ್ತಿದ್ದ ಪ್ರಾಣಿ ಈಗ ಹಿತ್ತಲ ಬೇಲಿಯ ಆಚೆಗೇ ಮಲಗುತ್ತದೆ.

ಇನ್ನೊಂದು ಬದಲಾವಣೆ ಹದ್ದಿನ ದೊಡ್ಡಣ್ಣನದು, ಅಂದರೆ ರಣಹದ್ದಿನದು. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ೧೯೯೦ರ ದಶಕದಿಂದ ದೇಶದ ತುಂಬ ಸತ್ತವು. ೨೦೦೬ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರಕಾರ ನಿಷೇಧಿಸಿತು. ಅಷ್ಟರಲ್ಲಿ ಊರ ಹೊರಗಿನ ಸತ್ತ ದನ ಬಿಡಾಡಿ ನಾಯಿಗಳ ಪಾಲಾಗಿ, ನಾಯಿಯ ಹಿಂಡು ಬೆಳೆದಿತ್ತು. ಇಂದು ಹಲವು ಊರುಗಳಲ್ಲಿ ಕೋಳಿಯ ದೊಡ್ಡ ವೈರಿ ಕಾಡಿನದಲ್ಲ, ಓಣಿಯದು. ಆದುದರಿಂದ ಸತ್ತ ದನ, ಸತ್ತ ಕೋಳಿಗಳನ್ನು ಆಳವಾಗಿ ಹೂಳುವುದೂ ಕೋಳಿ ಕಾವಲಿನ ಕೆಲಸವೇ.

ಕೋಳಿಯೂ ಬದಲಾಗಿದೆ. ನಾಟಿ ಕೋಳಿ ವರುಷಕ್ಕೆ ೬೦-೮೦ ತತ್ತಿ ಇಟ್ಟರೂ ಚುರುಕು. ಅಪಾಯ ಕಂಡರೆ ಮಾಳಿಗೆಗೆ ಹಾರುತ್ತದೆ. ೧೯೮೯ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಗಿರಿರಾಜ ಕೋಳಿಯನ್ನು ಕೊಟ್ಟಿತು. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯಿಂದ ವನರಾಜ, ಗ್ರಾಮಪ್ರಿಯ ತಳಿಗಳು ಬಂದವು. ಹಿತ್ತಲಿಗೆಂದೇ ಮಾಡಿದ ಈ ತಳಿಗಳು ಹೆಚ್ಚು ತತ್ತಿ, ಹೆಚ್ಚು ತೂಕ ಕೊಡುತ್ತವೆ. ಇವುಗಳ ಬಣ್ಣದ ಪುಕ್ಕ ವೈರಿಯ ಕಣ್ಣಿಗೆ ಬಿಳಿ ಕೋಳಿಯಷ್ಟು ಬೇಗ ಬೀಳುವುದಿಲ್ಲ. ಆದರೆ ಭಾರದ ಕೋಳಿ ಎತ್ತರ ಹಾರದು. ತಳಿ ಸುಧಾರಿಸಿದರೆ ಗೂಡನ್ನೂ ಸುಧಾರಿಸಬೇಕು.

ವಿಷ ಇಡುವವರಿಗೆ ಒಂದು ಮಾತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮುಂಗುಸಿ, ನರಿ, ಕಾಡುಬೆಕ್ಕು, ಪುನುಗು ಬೆಕ್ಕುಗಳನ್ನು ಕೊಲ್ಲುವುದು, ಉರುಲು ಹಾಕುವುದು ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಬೆಳೆಗೆ ಹೊಡೆಯುವ ಔಷಧವನ್ನು ಮಾಂಸಕ್ಕೆ ಸವರಿ ಇಟ್ಟರೆ ಅದನ್ನು ನರಿಯೇ ತಿನ್ನಬೇಕೆಂದಿಲ್ಲ. ನೆರೆಮನೆಯ ನಾಯಿ ತಿಂದೀತು, ನಿಮ್ಮ ಕೋಳಿಯೇ ಕುಟುಕೀತು, ಆಡುವ ಕೂಸು ಮುಟ್ಟೀತು. ಹತ್ತು ಕೋಳಿ ಉಳಿಸಹೋಗಿ ಮನೆಗೆ ಸಾವು ತರುವುದು ಜಾಣತನವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಕಳ್ಳನ ಗುರುತು ಹಿಡಿಯಿರಿ. ಹಗಲು ಹೊತ್ತಿನಲ್ಲಿ ಕೋಳಿ ಸತ್ತು, ಕುತ್ತಿಗೆಯ ಬಳಿ ಕಚ್ಚಿದ ಗಾಯವಿದ್ದರೆ, ತತ್ತಿ ಒಡೆದು ಕುಡಿದಿದ್ದರೆ ಮುಂಗುಸಿ ಎಂದು ಶಂಕಿಸಬೇಕು. ರಾತ್ರಿ ಇಡೀ ಕೋಳಿಯೇ ಮಾಯವಾಗಿ ಬೇಲಿಯವರೆಗೆ ಪುಕ್ಕ ಉದುರಿದ್ದರೆ ಕಾಡುಬೆಕ್ಕು ಇಲ್ಲವೆ ನರಿ. ಹಲವು ಕೋಳಿ ಸತ್ತು, ತಿನ್ನದೆ ಅಲ್ಲಲ್ಲೇ ಬಿದ್ದಿದ್ದರೆ ಬಹುಶಃ ನಾಯಿ. ಸಣ್ಣ ಮರಿ ಒಂದೊಂದಾಗಿ ಕಡಿಮೆಯಾಗಿ, ಹತ್ತಿರ ಬಿಲ ಕಂಡರೆ ಹೆಗ್ಗಣ. ಪುಕ್ಕವೂ ಇಲ್ಲದೆ ಮರಿ, ತತ್ತಿ ಹೋದರೆ ಹಾವು ಇರಬಹುದು. ಮೈಮೇಲೆ ಗಾಯವೇ ಇಲ್ಲದೆ ಕೋಳಿ ತೂಕಡಿಸಿ ಸತ್ತರೆ ಅದು ವೈರಿಯ ಕೆಲಸವಲ್ಲ, ರೋಗದ ಕೆಲಸ. ಕೂಡಲೆ ಪಶು ಆಸ್ಪತ್ರೆಗೆ ತಿಳಿಸಿ, ಕೊಕ್ಕರೆ ರೋಗದ ಲಸಿಕೆಯ ಮಾತು ಕೇಳಿರಿ.

ಆಮೇಲೆ ಗೂಡು. ಹತ್ತು ಕೋಳಿಗೆ ರಾತ್ರಿ ಮಲಗಲು ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡು ಸಾಕು. ನಾಲ್ಕು ಕಾಲಿನ ಮೇಲೆ ನೆಲದಿಂದ ಎರಡು ಮೂರು ಅಡಿ ಎತ್ತರಿಸಿ ನಿಲ್ಲಿಸಿರಿ. ಸುತ್ತಲೂ ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಳಿಗೆ ಬಡಿಯಿರಿ. ಪ್ರಾಣಿಯ ತಲೆ ತೂರಿದರೆ ಮೈಯೂ ತೂರುತ್ತದೆ ಎಂಬುದನ್ನು ನೆನಪಿಡಿರಿ. ಗೂಡು ನೆಲದ ಮೇಲೆಯೇ ಇದ್ದರೆ ಜಾಳಿಗೆಯನ್ನು ಒಂದು ಅಡಿ ಆಳಕ್ಕೆ ಹೂಳಬೇಕು, ಇಲ್ಲವೆ ಸುತ್ತ ಚಪ್ಪಡಿಕಲ್ಲು ಹಾಸಬೇಕು. ಅಗೆಯುವ ಪ್ರಾಣಿ ಅಲ್ಲಿಗೇ ಸೋಲುತ್ತದೆ. ಒಳಗೆ ಕೂಡಲು ಅಡ್ಡಗೋಲು ಹಾಕಿರಿ. ಅದು ಜಾಳಿಗೆಗೆ ಹತ್ತಿರವಿರಬಾರದು. ಕದಕ್ಕೆ ಬರಿ ದಾರ ಕಟ್ಟದೆ ಚಿಲಕ ಹಾಕಿ, ಚಿಲಕಕ್ಕೆ ಕೊಂಡಿಯನ್ನೂ ಹಾಕಿರಿ. ದುಡ್ಡು ಕಡಿಮೆಯಿದ್ದವರು ಹಳೆಯ ಪದ್ಧತಿಯಂತೆ ಕಟ್ಟೆಯ ಗೂಡನ್ನೇ ಮಾಡಬಹುದು. ಆದರೆ ಗಾಳಿಗೆ ಕಿಂಡಿ ಬಿಟ್ಟು, ಆ ಕಿಂಡಿಗೆ ಜಾಳಿಗೆಯ ತುಂಡು ಬಡಿಯಬೇಕು. ಮರಿಗಳನ್ನು ಆರು ವಾರದವರೆಗೆ ಹಗಲಿನಲ್ಲಿಯೂ ಬುಟ್ಟಿ ಅಥವಾ ಬಲೆಯ ಮರೆಯಲ್ಲಿ ಮೇಯಿಸಿದರೆ ಹದ್ದು, ಕಾಗೆಗಳ ಭಯ ತಪ್ಪುತ್ತದೆ. ಹಿತ್ತಲ ಕಂಟಿ, ಕಟ್ಟಿಗೆಯ ರಾಶಿಗಳನ್ನು ಗೂಡಿನಿಂದ ದೂರ ಸರಿಸಿರಿ. ಚೆಲ್ಲಿದ ಕಾಳು ರಾತ್ರಿ ಉಳಿಯದಂತೆ ಗುಡಿಸಿರಿ. ಕಾಳಿಗೆ ಇಲಿ, ಇಲಿಗೆ ಹಾವು ಎಂಬುದು ಹಳೆಯ ಸರಪಳಿ.

ಕೊನೆಗೆ ಒಂದು ಮುಖ್ಯ ಸಂಗತಿ. ಸಿಕ್ಕಿಬಿದ್ದ ಮುಂಗುಸಿ, ನರಿ, ಬೆಕ್ಕು, ನಾಯಿಗಳನ್ನು ಬರಿಗೈಯಲ್ಲಿ ಹಿಡಿಯಹೋಗಬೇಡಿರಿ. ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಇವುಗಳಲ್ಲಿ ಯಾವುದು ಕಚ್ಚಿದರೂ, ಪರಚಿದರೂ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿವಸ ಸರಕಾರಿ ದವಾಖಾನೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಕೊಳ್ಳಿರಿ. ಸುಣ್ಣ, ಅರಿಸಿಣ, ಮಂತ್ರಗಳನ್ನು ನಂಬಿ ಕೂಡಬೇಡಿರಿ. ಆ ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ದುರ್ಲಭ.

ರೈತ ಬಾಂಧವರೇ, ಕೋಳಿಯ ವೈರಿಯನ್ನು ಕೊಂದು ತೀರಿಸಿದ ದೇಶವನ್ನು ಇತಿಹಾಸದಲ್ಲಿ ಹುಡುಕುವುದಕ್ಕಿಂತ, ಸಂಜೆ ಕದ ಹಾಕಿದ ಮನೆಯನ್ನು ಹುಡುಕುವುದು ಸುಲಭ. ಜಮೀನುದಾರನ ಮನೆಯಿರಲಿ, ಕೂಲಿಯ ಮನೆಯಿರಲಿ, ಕದ ಹಾಕುವುದಕ್ಕೆ ಖರ್ಚಿಲ್ಲ. ಹೊತ್ತು ಮುಳುಗುವ ಮೊದಲು ಕೋಳಿ ಎಣಿಸುವ ಕೆಲಸವನ್ನು ಮನೆಯ ಹುಡುಗನಿಗೋ ಹುಡುಗಿಗೋ ಒಪ್ಪಿಸಿರಿ. ಎಣಿಕೆ ಸರಿಯಿದ್ದರೆ ಚಿಲಕ ಹಾಕಲಿ, ತಪ್ಪಿದ್ದರೆ ಕತ್ತಲಾಗುವ ಮೊದಲೇ ಹುಡುಕಲಿ. ಮುಂಗುಸಿ ಹೊಲದಲ್ಲಿ ಇಲಿ ಹಿಡಿಯಲಿ, ನರಿ ಹಳ್ಳದಲ್ಲಿ ಕೂಗಲಿ, ಕೋಳಿ ಗೂಡಿನಲ್ಲಿ ಮಲಗಲಿ. ಯಾರ ಜಾಗದಲ್ಲಿ ಯಾರು ಇರಬೇಕೋ ಅವರು ಅಲ್ಲಿದ್ದರೆ ತತ್ತಿಯ ರೊಕ್ಕ ಅವ್ವನ ಸೆರಗಿನ ಗಂಟಿನಲ್ಲಿಯೇ ಉಳಿಯುತ್ತದೆ.